ಅತ್ತೆಯ ಗುಂಗುರು ಕೂದಲಿಗೆ ಬಣ್ಣ

ಆಗೋ ಮಾತಲ್ಲ ಅಂತ ಅಂದವರು ನಮ್ಮ ದೊಡ್ಡಪ್ಪ. ಒಂದು ಸಲ ಅಲ್ಲ, ಎರಡು ಸಲ. ಮೊದಲನೇ ಸಲ ನಾನು ಪಿಯುಸಿ ಪಾಸಾಗಿ ತುಮಕೂರಿಗೆ ಬಿ.ಎಸ್ಸಿ. ಸೇರ್ತೀನಿ ಅಂದಾಗ. "ಎಸ್ಸೆಸ್ಸೆಲ್ಸಿ ದಾಟಿದೋರೇ ಇಲ್ಲದ ಮನೆ ಇದು. ಇವಳು ಡಿಗ್ರಿ ಮಾಡ್ತಾಳಂತೆ" ಅಂತ ಜಗಲಿ ಮೇಲೆ ಕೂತು ನಕ್ಕಿದ್ದರು. ನಾನು ಮಾಡಿದೆ. ನಮ್ಮೂರಾದ ನಿಟ್ಟೂರಿನ ಸ್ಟೇಷನ್ನಿನಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು, ಸೀಟು ಸಿಕ್ಕದಿದ್ದರೆ ಬಾಗಿಲ ಪಕ್ಕ ನಿಂತೇ ಓದಿ, ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸ್ ತಂದೆ. ನಮ್ಮ ಮನೆಯಲ್ಲಿ ಮೊದಲನೇ ಡಿಗ್ರಿ ನನ್ನದು. ಇದನ್ನು ಹೇಳುವಾಗ ನನಗೆ ಈಗಲೂ ಸಂಕೋಚ ಇಲ್ಲ.

ಡಿಗ್ರಿ ಬಂತು, ಕೆಲಸ ಬರಲಿಲ್ಲ. ಅರ್ಜಿ ಹಾಕಿ ಹಾಕಿ ಸಾಕಾಗಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಬ್ಯೂಟಿಷಿಯನ್ ಕೋರ್ಸ್ ಸೇರ್ತೀನಿ, ಗುಬ್ಬಿಯಲ್ಲಿ ಪಾರ್ಲರ್ ಇಡ್ತೀನಿ ಅಂದೆ. ಆಗ ದೊಡ್ಡಪ್ಪ ನಗಲಿಲ್ಲ. "ಬಿ.ಎಸ್ಸಿ. ಓದ್ಬುಟ್ಟು ಊರೋರ ತಲೆ ಬಾಚ್ತೀಯಾ? ಆಗೋ ಮಾತಲ್ಲ ಕಣಮ್ಮಣ್ಣಿ" ಅಂದರು. ಅಪ್ಪ ಎಂದಿನಂತೆ ಅಣ್ಣನ ಮುಂದೆ ಮಾತಾಡಲಿಲ್ಲ. ಕೊನೆಗೆ ಅಮ್ಮನೇ ನಡುವೆ ಬಂದು ಒಂದು ಒಪ್ಪಂದ ಮಾಡಿಸಿದಳು. ಕೋರ್ಸಿನ ಸರ್ಟಿಫಿಕೇಟ್ ಕೈಗೆ ಬಂದರೆ ಗುಬ್ಬಿಯಲ್ಲಿ ಅಂಗಡಿ. ಬರದಿದ್ದರೆ ಆಗಲೇ ಬಂದು ನೋಡಿಕೊಂಡು ಹೋಗಿದ್ದ ತಿಪಟೂರು ಕಡೆಯ ಸಂಬಂಧಕ್ಕೆ ನಾನು ಬಾಯಿ ಮುಚ್ಚಿಕೊಂಡು ಹೂಂ ಅನ್ನಬೇಕು.

ತರಬೇತಿ ಇದ್ದದ್ದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಒಂದು ಮನೆಯ ಮಹಡಿ ಮೇಲೆ. ಮೆಹಂದಿ, ಹುಬ್ಬು, ಫೇಶಿಯಲ್ ಎಲ್ಲ ಸಲೀಸಾಗಿ ಮುಗಿದವು. ಕೊನೆಯ ಪ್ರಾಕ್ಟಿಕಲ್ ಮಾತ್ರ ಎರಡು ಕಂತಿನದು. ಮೊದಲು ಒಬ್ಬರ ನೇರ ಕೂದಲನ್ನು ಪರ್ಮಿಂಗ್ ಮಾಡಿ ಗುಂಗುರು ಮಾಡಬೇಕು. ಹದಿನೈದು ದಿನ ಬಿಟ್ಟು ಅದೇ ತಲೆಗೆ ಬಣ್ಣ ಹಾಕಬೇಕು. ಗುಂಗುರೂ ನಿಲ್ಲಬೇಕು, ಬಣ್ಣವೂ ಕೂರಬೇಕು, ಒಂದು ಕೂದಲೂ ತುಂಡಾಗಬಾರದು. ಬೆಂಗಳೂರಿನಿಂದ ಪರೀಕ್ಷಕಿ ಬಂದು ನೋಡುತ್ತಾರೆ. ನಮಗೆ ಕಲಿಸುತ್ತಿದ್ದ ಮೇಡಂ ಹೇಳೋರು: "ಪರ್ಮಿಂಗ್ ಆದ ಕೂದಲು ಅಂದ್ರೆ ಜ್ವರ ಬಿಟ್ಟು ಎದ್ದ ಮನುಷ್ಯ ಇದ್ದಂಗೆ. ಎದ್ದ ದಿನವೇ ಮೂಟೆ ಹೊರಿಸಿದ್ರೆ ಬಿದ್ದೋಗ್ತಾನೆ."

ತಲೆ ಯಾರದು? ನಿಟ್ಟೂರಿನಲ್ಲಿ ಕೇಳಿದರೆ ದೊಡ್ಡಪ್ಪನಿಗೆ ಗೊತ್ತಾಗುತ್ತದೆ, ಊರೋರ ತಲೆಗೆ ಕೈ ಹಾಕಿದೆ ಅಂತ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಹೊಳೆದದ್ದು ನಮ್ಮ ಸೋದರತ್ತೆ. ಅಪ್ಪ, ದೊಡ್ಡಪ್ಪ ಇಬ್ಬರಿಗೂ ಕಿರಿಯವಳು, ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ ಕೊಟ್ಟ ಹೆಣ್ಣು. ನಲವತ್ತು ದಾಟಿರಲಿಲ್ಲ, ಆಗಲೇ ಅರ್ಧ ತಲೆ ಬೆಳ್ಳಗಾಗಿತ್ತು. ಕೂದಲು ತೆಳು, ನೂಲಿನಂತೆ ನೇರ. ಚಿಕ್ಕಂದಿನಿಂದ ಗುಂಗುರು ಕೂದಲಿನವರನ್ನು ಕಂಡರೆ ಅವಳಿಗೆ ಹೊಟ್ಟೆ ಉರಿ.

"ಮಾಡೇ, ಮಾಡು. ಕುಯ್ಯೋದೇನಿಲ್ವಲ್ಲ?" ಅಂದಳು ಅತ್ತೆ.

"ಕುಯ್ಯೋದಿಲ್ಲ ಅತ್ತೆ. ಸುರುಳಿ ಸುತ್ತೋದು, ಔಷಧಿ ಹಾಕೋದು, ಅಷ್ಟೇ."

"ದೊಡ್ಡಣ್ಣಂಗೆ ಹೇಳ್ಬೇಡ ಮತ್ತೆ. ಸೆರಗು ಹೊದ್ಕೊಂಡಿದ್ರೆ ಯಾರಿಗ್ ಕಾಣ್ತದೆ."

ಮೊದಲನೇ ಕಂತು ಚೆನ್ನಾಗಿಯೇ ಆಯಿತು. ಕಡ್ಡಿ ಕಡ್ಡಿ ರಾಡುಗಳಿಗೆ ಕೂದಲು ಸುತ್ತಿ, ಲೋಷನ್ ಹಾಕಿ, ಹೊತ್ತು ನೋಡಿ, ತೊಳೆದು ಬಿಚ್ಚಿದಾಗ ಅತ್ತೆಯ ತಲೆ ಎರಡರಷ್ಟಾಗಿ ಕಂಡಿತು. ಕನ್ನಡಿ ಮುಂದಿನಿಂದ ಅವಳನ್ನು ಎಬ್ಬಿಸೋದೇ ಕಷ್ಟವಾಯಿತು. ಆದರೆ ಪರ್ಮಿಂಗಿನ ವಾಸನೆ ಒಂದು ದಿನಕ್ಕೆ ಹೋಗುವಂಥದ್ದಲ್ಲ. ಕುಣಿಗಲ್ ಬಸ್ಸಿನಲ್ಲಿ ಅವಳನ್ನು ಕೂರಿಸುವಾಗ ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಯಾರಮ್ಮ ಕೊಳೆತ ಮೊಟ್ಟೆ ತಂದಿರೋದು? ಕೆಳಗಿಳಿಸಿ" ಅಂತ ಕೂಗಿದ. ಅತ್ತೆ ಸೆರಗು ಬಿಗಿಯಾಗಿ ಎಳೆದುಕೊಂಡು ಪಕ್ಕದ ಸೀಟಿನ ಗಂಡಸಿನ ಚೀಲವನ್ನೇ ದಿಟ್ಟಿಸಿ ನೋಡಿದಳು. ಆ ಮನುಷ್ಯ ಚೀಲ ಎತ್ತಿಕೊಂಡು ಹಿಂದೆ ಹೋಗಿ ಕೂತ.

ಕಿಟಕಿಯ ಕೆಳಗೆ ನಿಂತು ನಾನು ಅದೇ ಮಾತನ್ನು ಮತ್ತೆ ಮತ್ತೆ ಹೇಳಿದೆ. ಎರಡು ಮೂರು ದಿನ ತಲೆಗೆ ನೀರು ಬೇಡ. ಸೀಗೆಕಾಯಿ ಬೇಡವೇ ಬೇಡ. ಬಿಗಿಯಾಗಿ ಜಡೆ ಹೆಣೆಯಬೇಡಿ. ಹಬ್ಬದ ಹೊತ್ತಿಗೆ ವಾರ ಕಳೆದಿರುತ್ತೆ, ಆಗ ಬೇಕಾದರೆ ಸ್ವಲ್ಪ ಕೊಬ್ಬರಿ ಎಣ್ಣೆ, ಉಗುರು ಬೆಚ್ಚಗಿನ ನೀರು. ಬೇರೆ ಏನನ್ನೂ ಹಚ್ಚಬೇಡಿ.

"ಗೊತ್ತಾಯ್ತು ಬುಡೇ. ಹಸುಗೂಸ್ನ ಕೈಗ್ ಕೊಟ್ ಕಳಿಸ್ದಂಗೆ ಆಡ್ತೀಯಲ್ಲ" ಅಂದಳು.

ಬಸ್ಸು ಹೊರಟಿತು, ನನ್ನ ಪರೀಕ್ಷೆಯೂ ಅದರೊಳಗೇ ಕೂತು ಹೊರಟಿತು. ಅವತ್ತಿನಿಂದ ನನ್ನ ಕೈಕಾಲು ಒಂದು ಕಡೆ ನಿಲ್ಲಲಿಲ್ಲ. ಲೆಕ್ಕದ ಪರೀಕ್ಷೆಯಾದರೆ ಪುಸ್ತಕ ತೆಗೆದು ಮತ್ತೊಂದು ಸಲ ಓದಬಹುದು. ಇಲ್ಲಿ ಓದಬೇಕಾದ್ದು ಕೊತ್ತಗೆರೆಯಲ್ಲಿ ಸೌದೆ ಒಲೆ ಊದುತ್ತಾ, ಹಸು ಮೈ ತೊಳೆಯುತ್ತಾ ಓಡಾಡಿಕೊಂಡಿತ್ತು. ನಿಟ್ಟೂರಿನ ಎಸ್‌ಟಿಡಿ ಬೂತಿಗೆ ಹೋಗಿ ಅವರ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡುತ್ತಿದ್ದೆ. ಅಂಗಡಿಯವನು ಅತ್ತೆಯನ್ನು ಕೂಗುವವರೆಗೆ ಬೂತಿನ ಗಾಜಿಗೆ ಹಣೆ ಒತ್ತಿಕೊಂಡು ನಿಲ್ಲುತ್ತಿದ್ದೆ.

"ಗುಂಗುರು ಹೆಂಗೈತೆ ಅತ್ತೆ?"

"ಐತೆ."

"ಐತೆ ಅಂದ್ರೆ? ಸುರುಳಿ ಸುರುಳಿಯಾಗೇ ಐತಾ, ಇಳಿದೈತಾ?"

"ಅಯ್ಯೋ, ನಿಮ್ ಮಾವಂಗೂ ಇಷ್ಟು ಉತ್ತರ ಕೊಟ್ಟಿಲ್ಲ ನಾನು. ಚೆನ್ನಾಗೈತೆ, ಇಡು."

ಯುಗಾದಿಯ ದಿನ ಅಮ್ಮ ನನ್ನ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದರೆ ನನಗೆ ಕೊತ್ತಗೆರೆಯ ಬಚ್ಚಲು ಕಣ್ಣ ಮುಂದೆ ಬರುತ್ತಿತ್ತು. ಅಲ್ಲಿ ಅತ್ತೆಯ ಅತ್ತೆ ಇದ್ದಾರೆ. ನಾವೆಲ್ಲ ಅಜ್ಜಿ ಅನ್ನುತ್ತಿದ್ದೆವು. ಹಬ್ಬದ ದಿನ ಮನೆಯವರ ತಲೆಗೆಲ್ಲ ಎಣ್ಣೆ ಒತ್ತುವುದು ಅವರ ಹಕ್ಕು, ಅದನ್ನು ಬೇಡ ಅನ್ನುವವರು ಆ ಮನೆಯಲ್ಲಿ ಹುಟ್ಟಿರಲಿಲ್ಲ. ಎಣ್ಣೆಗೆ ನಾನು ಹೆದರಿರಲಿಲ್ಲ, ಅದಕ್ಕೆ ಒಪ್ಪಿಗೆ ಕೊಟ್ಟಿದ್ದೆ. ಆದರೂ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡಾಗ ಬೇವೇನು, ಬೆಲ್ಲವೇನು ಗೊತ್ತಾಗಲಿಲ್ಲ.

ಮಾರನೇ ದಿನ ಹೊಸತೊಡಕು. ಪರೀಕ್ಷೆಗೆ ಇನ್ನು ಮೂರೇ ದಿನ. ಬಣ್ಣ ಹಾಕುವ ಮುಂಚೆ ಮಾಡಬೇಕಾದ ಎರಡು ಪರೀಕ್ಷೆಗಳಿದ್ದವು. ಕಿವಿಯ ಹಿಂದೆ ಒಂದು ಚುಕ್ಕೆ ಬಣ್ಣ ಇಟ್ಟು ಎರಡು ದಿನ ಕಾದು ನೋಡಬೇಕು, ಕಡಿತ, ಕೆಂಪು, ಊತ ಬರುತ್ತದಾ ಅಂತ. ಇನ್ನೊಂದು, ತಲೆಯ ಹಿಂದಿನಿಂದ ಒಂದು ಎಳೆ, ಅಂದರೆ ಸಣ್ಣದೊಂದು ಕುಚ್ಚು ಕೂದಲು, ಕತ್ತರಿಸಿ ಅದಕ್ಕೆ ಮೊದಲು ಬಣ್ಣ ಹಾಕಿ ನೋಡಬೇಕು. ಸಾಮಾನೆಲ್ಲ ಚೀಲಕ್ಕೆ ಹಾಕಿಕೊಂಡು ಗುಬ್ಬಿ, ತುಮಕೂರು, ಕುಣಿಗಲ್ ಅಂತ ಬಸ್ಸು ಬದಲಾಯಿಸಿ ಬದಲಾಯಿಸಿ ಕೊತ್ತಗೆರೆಗೆ ಹೋದೆ. ಮರದ ಕೆಳಗೆ ಗಂಡಸರು ಇಸ್ಪೀಟು ಹಾಕಿಕೊಂಡು ಕೂತಿದ್ದರು. ಅವರನ್ನು ದಾಟಿ ಹೆಚ್ಚುಕಮ್ಮಿ ಓಡಿಕೊಂಡೇ ಮನೆಯೊಳಗೆ ಹೋದೆ.

ಅತ್ತೆ ಹಿಂದೆ ತಿರುಗಿ ಸೆರಗು ತೆಗೆದಳು. ಗುಂಗುರು ಇತ್ತು. ಚೆನ್ನಾಗಿ ಇತ್ತು. ಆದರೆ ಹಿಂದಿನಿಂದ ನೋಡಿದರೆ ಒಂದು ಬಿಳಿ ಕೂದಲೂ ಕಾಣಲಿಲ್ಲ. ಇಡೀ ತಲೆ ಕಾಗೆ ರೆಕ್ಕೆಯಂತೆ ಕಪ್ಪಗೆ ಮಿಂಚುತ್ತಿತ್ತು.

"ಏನ್ ಹಚ್ಚಿದ್ರಿ ಅತ್ತೆ?"

ಅತ್ತೆ ಒಳಗಡೆಗೆ ಕೈ ತೋರಿಸಿದಳು. ಅಜ್ಜಿಯೇ ಅಡುಗೆ ಮನೆಯಿಂದ ಕೈ ಒರೆಸಿಕೊಂಡು ಬಂದರು. ಮುಖದ ತುಂಬ ಹೆಮ್ಮೆ. "ನಾನು ಕಣಮ್ಮಣ್ಣಿ. ಸುರುಳಿ ಮಾಡ್ಸಿದ್ಮೇಲೆ ಬಿಳೀದೆಲ್ಲ ನೆಟ್ಟಗೆ ನಿಂತು ಎದ್ ಕಾಣೋದು. ಹಬ್ಬದ ಮನೇಲಿ ಸೊಸೆ ತಲೆ ಹಂಗಿರ್ಬೋದಾ? ಗೋರಂಟಿ ಅರೆದು ಮೆತ್ತಿದೆ. ಬಣ್ಣ ಅಂಗಡೀದ್ ಹಚ್ಬೇಡ ಅಂತ ನೀನ್ ಹೇಳಿದ್ದೆಯಂತೆ. ಇದು ನಮ್ ಬೇಲೀದು, ಸೊಪ್ಪು."

"ಬರೀ ಗೋರಂಟಿ ಕೆಂಪಗಾಗ್ಬೇಕಲ್ಲ ಅಜ್ಜಿ. ಇದು ಕಪ್ಪಗೈತೆ."

"ಅದಕ್ಕೇ ಅಲ್ವಾ ಕಬ್ಬಿಣದ ಬಾಣ್ಲೀಲಿ ನೆನೆಸೋದು? ಟೀ ಸೊಪ್ಪಿನ್ ನೀರು ಹಾಕಿ, ಜತೆಗೊಂದು ಲಾಳ ಹಾಕಿದ್ದೆ."

"ಲಾಳಾನಾ?"

"ಕುದುರೆ ಲಾಳ. ತುಕ್ಕು ಹಿಡಿದಿದ್ದು. ಕುಣಿಗಲ್ ಕುದುರೆ ಫಾರಂ ಇರೋ ಕಡೆ ಲಾಳಕ್ಕೇನ್ ಬರವಾ? ನಮ್ಮತ್ತೆ ಕಾಲದಿಂದಾನೂ ಹಾಕ್ತೀವಿ. ಹಂಗಾದ್ರೇನೇ ಕಪ್ಪು ಹಿಡಿಯೋದು."

ನಾನು ಅಲ್ಲೇ ಒರಳುಕಲ್ಲಿನ ಮೇಲೆ ಕೂತುಬಿಟ್ಟೆ. ಅಜ್ಜಿ ಮಾಡಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದರ ಪಾಡಿಗೆ ಬಿಟ್ಟರೆ ಆ ಕಪ್ಪು ತಿಂಗಳುಗಟ್ಟಲೆ ಸುಮ್ಮನೆ ತಲೆ ಮೇಲೆ ಇರುತ್ತಿತ್ತು. ಆದರೆ ನಾನು ಹಾಕಬೇಕಿದ್ದ ಬಣ್ಣ ಕೂದಲ ಒಳಗೆ ಇಳಿಯಲೆಂದು ಪೆರಾಕ್ಸೈಡ್ ಅನ್ನೋ ದ್ರವದಲ್ಲಿ ಕಲಸಿ ಹಚ್ಚುವಂಥದ್ದು. ಕಾಲೇಜಿನ ಲ್ಯಾಬಿನಲ್ಲಿ ಪೆರಾಕ್ಸೈಡಿಗೆ ಒಂದು ಚಿಟಿಕೆ ಕಬ್ಬಿಣದ ಉಪ್ಪು ಬಿದ್ದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿದವಳು ನಾನು. ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ, ಕೈಗೆ ಬಿಸಿ ತಾಗುತ್ತದೆ. ಅತ್ತೆಯ ಒಂದೊಂದು ಕೂದಲೂ ಈಗ ಕಬ್ಬಿಣ ಕುಡಿದು ಕೂತಿತ್ತು. ಅದೂ ಪರ್ಮಿಂಗ್ ಆಗಿ ಮೊದಲೇ ನಿತ್ರಾಣವಾದ ಕೂದಲು.

ಅಂದಾಜಿನಲ್ಲಿ ಮಾತಾಡೋದು ಬೇಡ ಅಂತ ಎದ್ದೆ. ಅತ್ತೆ ಸ್ಟೀಲ್ ಲೋಟ ತಂದಳು, ಲೋಹದ್ದು ಆಗೋದಿಲ್ಲ ಅಂದೆ. ಉಪ್ಪಿನಕಾಯಿಯ ಗಾಜಿನ ಸೀಸೆ ತೊಳೆದು ಕೊಟ್ಟರು. ಅತ್ತೆಯ ಕುತ್ತಿಗೆ ಮೇಲಿಂದ ಕಾಣದ ಹಾಗೆ ಒಂದು ಎಳೆ ಕತ್ತರಿಸಿ, ದಾರ ಕಟ್ಟಿ, ಪೆರಾಕ್ಸೈಡ್ ಸುರಿದು ಅದರಲ್ಲಿ ಇಳಿಬಿಟ್ಟೆ. ಮೂವರೂ ಬಗ್ಗಿ ನೋಡಿದೆವು. ಕೂದಲ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ಆಮೇಲೆ ಸೀಸೆ ಬೆಚ್ಚಗಾಯಿತು. ಹೊರಗೆ ತೆಗೆದು ಎರಡು ಬೆರಳಲ್ಲಿ ಎಳೆದರೆ ಎಳೆ ನೆನೆದ ಶಾವಿಗೆಯಂತೆ ಕಿತ್ತು ಬಂತು.

ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಸಿವನೇ, ಕೂದ್ಲು ಬೇಯ್ತದಲ್ಲೇ!"

ಅತ್ತೆ ಮಾತ್ರ ಕಿತ್ತ ಎಳೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಆಮೇಲೆ ಹೇಳಿದಳು: "ಹಾಕ್ಬುಡು ಕಣೇ. ನನ್ ಕೂದ್ಲಲ್ವಾ, ಹೋದ್ರೆ ಬರ್ತದೆ. ಆ ತಿಪಟೂರೋರು ಮನೆ ಬಾಗಿಲಿಗೆ ಬಂದ್ರೆ ಮತ್ತೆ ಕಳಿಸೋಕಾಗಲ್ಲ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಹದಿನೆಂಟಕ್ಕೇ ಮದುವೆ ಮಾಡಿ ಕಳಿಸಿದ ಹೆಣ್ಣು ಅವಳು, ಕಳಿಸಿದವರು ಇದೇ ದೊಡ್ಡಣ್ಣ. ನಾನು ಸೀಸೆ ಚೆಲ್ಲಿ ಚೀಲ ಕಟ್ಟಿಕೊಂಡೆ. "ಸುಮ್ನಿರಿ ಅತ್ತೆ. ಸೀರೆ ಬದಲಾಯಿಸಿ. ಈಗಲೇ ನನ್ ಜತೆ ಹೊರಡಿ" ಅಂದೆ.

ದಾರಿಯುದ್ದಕ್ಕೂ ಬಸ್ಸಿನ ಕಂಬಿ ಹಿಡಿದುಕೊಂಡು ಯೋಚಿಸಿದೆ. ಪೆರಾಕ್ಸೈಡ್ ಬೇಡದ ಬಣ್ಣವೂ ಇದೆ. ಅದು ಕೂದಲ ಒಳಗೆ ಹೋಗೋದಿಲ್ಲ, ಮೇಲೆ ಮೇಲೆ ಕೂತು ಕೆಲವು ಸಲ ತಲೆ ತೊಳೆದರೆ ಹೋಗಿಬಿಡುತ್ತದೆ. ಮೇಡಂ ಒಂದು ಸಲ ಹೇಳಿದ್ದರು, ತೋರಿಸಿರಲಿಲ್ಲ. ತುಮಕೂರಿನ ಮಂಡಿಪೇಟೆಯಲ್ಲಿ ಇಳಿದು ಫ್ಯಾನ್ಸಿ ಸ್ಟೋರುಗಳನ್ನು ಹೊಕ್ಕು ಹೊರಬಿದ್ದೆವು. ಹಬ್ಬದ ಮಾರನೇ ದಿನ, ಅರ್ಧ ಅಂಗಡಿ ಮುಚ್ಚಿದ್ದವು. ತೆರೆದಿದ್ದವರು ಕರಿ ಪುಡಿಯ ಪೊಟ್ಟಣ ತೋರಿಸಿ, "ಇದೇ ತಗೊಳಿ, ಎಲ್ರೂ ಇದನ್ನೇ ತಗೊಳ್ಳೋದು" ಅನ್ನುತ್ತಿದ್ದರು. ಪೆರಾಕ್ಸೈಡಿನ ಅಂಶ ಅದರಲ್ಲೂ ಇರುತ್ತದೆ. ಅತ್ತೆ ಕಾಲು ನೋವು ಅಂತ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಆ ಅಂಗಡಿಯಲ್ಲೇ, ಮೇಲಿನ ಹಲಗೆಯಲ್ಲಿ ಧೂಳು ಹಿಡಿದು ಒಂದು ಟ್ಯೂಬು ಇತ್ತು. ಡಬ್ಬದ ಮೇಲಿನ ಸಣ್ಣಕ್ಷರವನ್ನೆಲ್ಲ ಅಲ್ಲೇ ಬಿಸಿಲಿಗೆ ಹಿಡಿದು ಓದಿದೆ. ಪೆರಾಕ್ಸೈಡ್ ಇಲ್ಲ, ಅಮೋನಿಯಾ ಇಲ್ಲ, ತಾರೀಕು ಮೀರಿಲ್ಲ. ಕಡು ಕಂದು ಬಣ್ಣ.

ಆ ಎರಡು ದಿನ ನಿಟ್ಟೂರಿನ ಮನೆಯಲ್ಲೇ ಕಳೆದೆವು. ಅತ್ತೆಯ ಕಿವಿಯ ಹಿಂದೆ ಹೊಸ ಬಣ್ಣದ ಚುಕ್ಕೆ ಇಟ್ಟಿದ್ದೆ. ಒಂದು ಎಳೆಗೆ ಹಚ್ಚಿ ನೋಡಿದ್ದೆ, ಗುಳ್ಳೆ ಏಳಲಿಲ್ಲ, ಬೆಚ್ಚಗಾಗಲಿಲ್ಲ, ಎಳೆದರೂ ಕೀಳಲಿಲ್ಲ. ಆದರೂ ಅವಳು ಕೊಟ್ಟಿಗೆಗೆ ಹೋದರೆ ಕೊಟ್ಟಿಗೆಗೆ, ಬಾವಿಗೆ ಹೋದರೆ ಬಾವಿಗೆ ಹಿಂದೆ ಹಿಂದೆ ಹೋಗಿ ಕಿವಿ ಮಡಚಿ ನೋಡುತ್ತಿದ್ದೆ.

"ನನ್ನೇನ್ ಸಂತೇಲಿ ಕೊಂಡ್ಕೊಂಡ್ ಬಂದ ಎಮ್ಮೆ ಮಾಡ್ಕೊಂಡಿದೀಯ? ಕಿವಿ ಬುಡೇ" ಅಂತ ಬೈದಳು.

ದೊಡ್ಡಪ್ಪ ಊಟಕ್ಕೆ ಕೂತಾಗ ತಂಗಿಯನ್ನು ಮೇಲೆ ಕೆಳಗೆ ನೋಡಿದರು. "ಯಾಕಮ್ಮ, ತವರುಮನೆ ಒಳಗೂ ತಲೆ ಮೇಲೆ ಸೆರಗು?"

"ಶೀತ ಕಣಣ್ಣ."

"ಈ ಬಿಸಿಲಲ್ಲಾ?"

"ಬಿಸಿಲ್ ಶೀತ" ಅಂದಳು ಅತ್ತೆ, ಮುದ್ದೆಯಿಂದ ತಲೆ ಎತ್ತದೆ. ಅಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಓಡಿದಳು.

ಪರೀಕ್ಷೆಯ ಬೆಳಿಗ್ಗೆ ಕಿವಿಯ ಹಿಂದೆ ಏನೂ ಎದ್ದಿರಲಿಲ್ಲ. ಶೆಟ್ಟಿಹಳ್ಳಿಯ ಮಹಡಿ ಹತ್ತಿದ ಕೂಡಲೇ ಮೇಡಮ್ಮಿಗೆ ನಡೆದದ್ದು ಹೇಳಿದೆ. ಅವರಿಗೂ ಗಾಬರಿ. ತಮ್ಮ ಸಂಸ್ಥೆಯ ಹೆಸರಿನ ಪ್ರಶ್ನೆ. ನನ್ನನ್ನು ಪಕ್ಕಕ್ಕೆ ಕರೆದು, "ಬಾಯಿ ಬಿಡಬೇಡ. ಮಾಮೂಲಿ ಬಣ್ಣಾನೇ ತೆಳ್ಳಗೆ ಸವರು, ಐದು ನಿಮಿಷಕ್ಕೆ ತೊಳ್ದುಬಿಡು. ಅಷ್ಟರಲ್ಲಿ ಏನಾಗುತ್ತೆ?" ಅಂದರು.

"ಏನಾಗುತ್ತೆ ಅಂತ ನೋಡಿದೀನಿ ಮೇಡಂ. ನಾನು ಹಾಕಲ್ಲ."

"ಹಾಕಲಿಲ್ಲ ಅಂದ್ರೆ ಫೇಲು."

ಉಳಿದ ಹುಡುಗಿಯರು ಆಗಲೇ ಬಟ್ಟಲಲ್ಲಿ ಬಣ್ಣ ಕಲಸುತ್ತಿದ್ದರು. ಪರೀಕ್ಷಕಿ ಒಂದೊಂದು ಕುರ್ಚಿಯನ್ನೇ ದಾಟಿಕೊಂಡು ನಮ್ಮ ಹತ್ತಿರ ಬಂದರು. ವಯಸ್ಸಾದ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿತ್ತು. ನನ್ನ ಬಟ್ಟಲು ಖಾಲಿ ಇದ್ದದ್ದು ನೋಡಿ, "ಯಾಕಮ್ಮ, ಶುರು ಮಾಡಿಲ್ಲ?" ಅಂದರು.

ಕೆಮಿಸ್ಟ್ರಿ ವೈವಾದಲ್ಲಿ ನಿಂತು ಉತ್ತರ ಕೊಟ್ಟು ಗೊತ್ತಿತ್ತು, ಅದೇ ಧಾಟಿ ಹಿಡಿದೆ. "ಈ ತಲೆಗೆ ಕಬ್ಬಿಣದ ಬಾಣಲೆಯಲ್ಲಿ ನೆನೆಸಿದ ಗೋರಂಟಿ ಬಿದ್ದಿದೆ ಮೇಡಂ. ಪೆರಾಕ್ಸೈಡ್ ತಾಗಿದರೆ ಕಾಯುತ್ತೆ. ಕೂದಲು ತುಂಡಾಗುತ್ತೆ, ನೆತ್ತಿ ಸುಡಬಹುದು. ಇವತ್ತು ಇದಕ್ಕೆ ಆ ಬಣ್ಣ ಹಾಕೋಕಾಗಲ್ಲ."

ಅವರು ನಂಬಲೂ ಇಲ್ಲ, ಬೈಯಲೂ ಇಲ್ಲ. "ತೋರಿಸು" ಅಂದರು. ಅತ್ತೆ ತಾನೇ ತಲೆ ಬಗ್ಗಿಸಿದಳು. ಇನ್ನೊಂದು ಎಳೆ ಕತ್ತರಿಸಿ ಗಾಜಿನ ಬಟ್ಟಲಲ್ಲಿ ಹಾಕಿದೆ. ಗುಳ್ಳೆ ಎದ್ದವು. ಪರೀಕ್ಷಕಿ ಬಟ್ಟಲಿನ ತಳಕ್ಕೆ ಅಂಗೈ ಕೊಟ್ಟು ಬಿಸಿ ನೋಡಿದರು. ಪಕ್ಕದ ಹುಡುಗಿಯರೂ ಕೈ ನಿಲ್ಲಿಸಿ ಕತ್ತು ಚಾಚಿದರು.

"ಹಾಗಾದ್ರೆ ಏನ್ ಮಾಡ್ತೀಯ?"

ಟ್ಯೂಬು ತೋರಿಸಿದೆ. ಎರಡು ದಿನ ಕಿವಿಯ ಹಿಂದೆ ಇಟ್ಟು ನೋಡಿದ್ದು ಹೇಳಿದೆ. ಪರ್ಮಿಂಗ್ ಆದ ಕೂದಲು ಬಣ್ಣವನ್ನು ಬೇಗ ಹೀರುತ್ತೆ, ಅದಕ್ಕೇ ಡಬ್ಬದ ಮೇಲೆ ಬರೆದ ಹೊತ್ತಿನಲ್ಲಿ ಅರ್ಧಕ್ಕೇ ತೆಗೀತೀನಿ, ಬಿಸಿ ಗಾಳಿ ಹಾಕಲ್ಲ, ಬಾಚಣಿಗೆಯಿಂದ ಎಳೆಯಲ್ಲ, ಬೆರಳಲ್ಲೇ ಬಿಡಿಸ್ತೀನಿ ಅಂದೆ.

"ಇದಕ್ಕೆ ಪೂರ್ತಿ ಮಾರ್ಕ್ಸ್ ಕೊಡೋಕಾಗಲ್ಲ. ಪರೀಕ್ಷೇಲಿ ಕೇಳಿರೋದು ಇದಲ್ಲ" ಅಂದರು ಪರೀಕ್ಷಕಿ.

"ಕೊಡೋವಷ್ಟು ಕೊಡಿ ಮೇಡಂ."

ಕೈಗವಸು ಹಾಕಿಕೊಂಡು ಬಣ್ಣ ಹಚ್ಚಲು ಶುರು ಮಾಡಿದೆ. ಅಜ್ಜಿಯ ಗೋರಂಟಿಯಿಂದ ತಪ್ಪಿಸಿಕೊಂಡಿದ್ದ ಕೂದಲು ಕಿವಿಯ ಮೇಲೆ, ಬೈತಲೆಯ ಬುಡದಲ್ಲಿ ಬೆಳ್ಳಗೆ ಇಣುಕುತ್ತಿದ್ದವು. ಅಲ್ಲೆಲ್ಲ ಕಂದು ಬಣ್ಣ ಕೂತಿತು. ಉಳಿದದ್ದು ಕಪ್ಪಗೇ ಇತ್ತು. ತೊಳೆದು ಒರೆಸಿ ಬೆರಳಾಡಿಸಿದರೆ ಗುಂಗುರು ಮತ್ತೆ ಒಂದೊಂದೇ ಸುತ್ತಿಕೊಂಡು ಮೇಲೆ ಬಂತು. ಕೆಳಗೆ ಹಾಸಿದ್ದ ಬಿಳಿ ಟವೆಲ್ಲಿನ ಮೇಲೆ ಪರೀಕ್ಷಕಿ ಬಗ್ಗಿ ಹುಡುಕಿದರು. ತುಂಡಾದ ಕೂದಲು ಸಿಗಲಿಲ್ಲ. ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಂದಿನ ಕುರ್ಚಿಗೆ ಹೋದರು.

ಅತ್ತೆ ಕನ್ನಡಿಯಲ್ಲಿ ತಲೆಯನ್ನು ಅತ್ತ ಇತ್ತ ತಿರುಗಿಸಿ, "ಏನೂ ಗೊತ್ತೇ ಆಗಲ್ವಲ್ಲೇ. ಇಷ್ಟಕ್ಕಾ ನನ್ ಕಿವಿ ಅಷ್ಟು ತಿರುಚಿದ್ದು?" ಅಂದಳು.

ಫಲಿತಾಂಶ ಬರುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆ ಅಂತ ಕೇಳಬೇಡಿ. ತಿಪಟೂರಿನವರು ಮತ್ತೊಂದು ಸಲ ಹೇಳಿ ಕಳಿಸಿದ್ದರು. ಮನೆ ಮುಂದೆ ಸ್ಕೂಟರ್ ನಿಂತ ಸದ್ದಾದರೆ ಹಿತ್ತಲ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಗುಬ್ಬಿಗೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಖಾಲಿ ಮಳಿಗೆಯ ಮುಂದೆ ನಿಂತು, ಕನ್ನಡಿ ಯಾವ ಗೋಡೆಗೆ, ನೀರಿನ ಸಿಂಕು ಯಾವ ಮೂಲೆಗೆ ಅಂತ ನೋಡುತ್ತಿದ್ದೆ. ಆಮೇಲೆ ಇದೇನು ಹುಚ್ಚು ಅಂತ ನನ್ನನ್ನೇ ಬೈದುಕೊಂಡು ಬಸ್ಸು ಹತ್ತುತ್ತಿದ್ದೆ.

ಪಾಸಾಗಿದ್ದೆ. ಸೆಕೆಂಡ್ ಕ್ಲಾಸ್. ಎಲ್ಲ ವಿಷಯಕ್ಕಿಂತ ಕಮ್ಮಿ ಬಂದಿದ್ದು ಬಣ್ಣದ್ದರಲ್ಲೇ, ಅಂಚಿಗೆ ಹಿಡಿದು ದಾಟಿಸಿದ್ದರು. ನನಗೆ ಅದರಿಂದ ನಾಚಿಕೆ ಆಗಲಿಲ್ಲ, ಈಗಲೂ ಇಲ್ಲ.

ಸರ್ಟಿಫಿಕೇಟ್ ಕೊಡುವ ದಿನ ಅಪ್ಪನಿಗೆ ಬಿಡುವಾಗಲಿಲ್ಲ, ದೊಡ್ಡಪ್ಪನನ್ನು ಯಾರೂ ಕರೆಯಲಿಲ್ಲ. ಅತ್ತೆ ಕೊತ್ತಗೆರೆಯಿಂದ ಒಬ್ಬಳೇ ಬಂದಳು, ರೇಷ್ಮೆ ಸೀರೆ ಉಟ್ಟುಕೊಂಡು. ಅದೇ ಮಹಡಿಯ ಕೋಣೆ, ಬಾಡಿಗೆ ಕುರ್ಚಿಗಳು, ಮೇಜಿನ ಮೇಲೆ ಹೂವಿನ ಹಾರ. ನನ್ನ ಹೆಸರು ಕರೆದರು. ಅದೇ ಪರೀಕ್ಷಕಿಯೇ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅತ್ತೆಯ ಕಡೆ ನೋಡಿ, "ತಲೆ ಹೇಗಿದೆಯಮ್ಮ?" ಅಂದರು. "ಕುತ್ತಿಗೆ ಮೇಲೇ ಐತೆ" ಅಂದಳು ಅತ್ತೆ. ಕೋಣೆಯೆಲ್ಲ ನಕ್ಕಿತು.

ನಾನು ನಗಲಿಲ್ಲ. ಕಾಗದ ಕೈಯಲ್ಲಿದ್ದರೂ ನನಗೆ ಮುಂದಿನ ಯೋಚನೆ ಹತ್ತಿತ್ತು. ಕೆಳಗಿಳಿದು ರಸ್ತೆಗೆ ಬಂದ ಮೇಲೆ, "ಇನ್ನು ದೊಡ್ಡಪ್ಪನಿಗೆ ಹೇಳೋರು ಯಾರು ಅತ್ತೆ?" ಅಂದೆ. ಅತ್ತೆ ಸರ್ಟಿಫಿಕೇಟನ್ನು ನನ್ನ ಕೈಯಿಂದ ತಗೊಂಡು ಬಿಸಿಲಿಗೆ ಹಿಡಿದು, ಓದಲು ಬರುವವಳಂತೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ತಲೆ ಮೇಲಿದ್ದ ಸೆರಗು ಇಳಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನ್ ಹೇಳ್ತೀನಿ ಬುಡು. ನಿಟ್ಟೂರಿಗೆ ನಾನೂ ಬರ್ತೀನಿ. ಹಿಂಗೇ ಬರ್ತೀನಿ, ತಲೆ ಬುಟ್ಕೊಂಡು. ನೋಡ್ಲಿ ನಮ್ಮಣ್ಣ."